ಮಾರ್ಸೆಲ್ ಹೆಸರಿನ ಇರುವೆ

ಹಿಂದೂ ಮಹಾಸಾಗರದ ನಡುವೆ ಇರುವ ಒಂದು ಸಣ್ಣ ದ್ವೀಪದಲ್ಲಿ ಒಂದು ಜಾತಿಯ ಇರುವೆಯನ್ನು ಒಬ್ಬ ಹೆಂಗಸಿನ ಹೆಸರಿನಿಂದ ಕರೆಯುತ್ತಾರೆ. ಮಾರ್ಸೆಲ್ ಇರುವೆ ಎನ್ನುತ್ತಾರೆ. ಆ ಹೆಸರು ತಪ್ಪು. ಆ ಇರುವೆಯನ್ನು ಅಲ್ಲಿಗೆ ಕೊಂಡೊಯ್ದವಳು ನಾನು. ಹಡಗು ಹತ್ತಿ ಬಂದವರು ಕಂಡು ಬಂದದ್ದನ್ನು ಬರೆಯುತ್ತಾರೆ. ನಾನು ಬಿಟ್ಟು ಬಂದದ್ದನ್ನೂ ಬರೆಯಬೇಕಾಗಿದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಅಷ್ಟರಲ್ಲೇ ಹೇಳುತ್ತೇನೆ. ದ್ವೀಪದ ಹೆಸರು ಬೇಡ. ಸೆಶೆಲ್ಸ್ ಎಂಬ ಗುಂಪಿನಲ್ಲಿ ಅದೂ ಒಂದು ಎಂದರೆ ಸಾಕು.

ಹೊಳೆನರಸೀಪುರ

ನನ್ನ ತಮ್ಮ ನಂಜುಂಡ ನಮ್ಮೂರ ಅಕ್ಕಿ ಗಿರಣಿಯಲ್ಲಿ ಎಣ್ಣೆ ಇಂಜಿನ್ ಕೆಲಸ ಕಲಿತವನು. ಬೊಂಬಾಯಿಯ ಕಡೆಯ ಒಬ್ಬ ವ್ಯಾಪಾರಿ ಅವನನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋದ. ಅಲ್ಲಿ ದ್ವೀಪಕ್ಕೆ ದ್ವೀಪವೇ ಒಬ್ಬ ಧಣಿಯ ತೆಂಗಿನ ತೋಟ, ಕೊಬ್ಬರಿ ಎಣ್ಣೆಯ ಗಾಣಕ್ಕೆ ಇಂಜಿನ್. ಎರಡು ವರ್ಷದ ಮೇಲೆ ರಜೆಯಲ್ಲಿ ಬಂದು, ಹಿರೀಸಾವೆ ಕಡೆಯ ಜಯಮ್ಮನನ್ನು ಮದುವೆಯಾಗಿ ಕರೆದೊಯ್ದ.

ಜಯ ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳಿಗೆ ತಾಯಿ ಇಲ್ಲ, ನಮಗೂ ಇಲ್ಲ. ದಿನ ತುಂಬುತ್ತಿರುವವಳನ್ನು ಹಡಗಿನವರು ಹತ್ತಿಸಿಕೊಳ್ಳುವುದೂ ಇಲ್ಲ. ಹೀಗಾಗಿ ಬಸುರಿ ತವರಿಗೆ ಬರುವ ಬದಲು ಬಾಣಂತನ ಮಾಡುವವಳು ಸಮುದ್ರ ದಾಟಬೇಕಾಯಿತು. ನನಗೆ ಮಕ್ಕಳಿರಲಿಲ್ಲ. ನಮ್ಮ ಯಜಮಾನರು, "ಓಗ್ಬುಟ್ ಬಾ, ತ್ವಾಟ ನಾನ್ ನೋಡ್ಕತೀನಿ" ಎಂದರು.

ತಮ್ಮನ ಕಾಗದದ ಕೊನೆಯಲ್ಲಿ ಜಯ ತನ್ನ ಕೈಯಿಂದಲೇ ಒಂದು ಸಾಲು ಬರೆದಿದ್ದಳು. ಇಲ್ಲಿ ಕರಿಬೇವು ಒಂದು ಇಲ್ಲ ಅತ್ತಿಗೆ, ಬರೀ ವಾಸನೆ ನೋಡಿದರೂ ಸಾಕು ಅನ್ನಿಸಿದೆ ಎಂದು. ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ನಮ್ಮಲ್ಲಿ ಇಲ್ಲ. ಒಣಗಿದ ಎಲೆಗೆ ವಾಸನೆ ಎಲ್ಲಿಯದು? ಬಚ್ಚಲ ನೀರು ಹರಿಯುವ ಕಡೆ, ತೆಂಗಿನ ಬುಡದಲ್ಲಿ ಎದ್ದಿದ್ದ ಕರಿಬೇವಿನ ಮರಿಯನ್ನು ಕಿತ್ತು ಕೊಡಿ ಎಂದೆ. ಯಜಮಾನರು ಗುದ್ದಲಿ ಹಾಕಿದರು.

"ಬೇರ್ ತೊಳ್ದು ಒದ್ದೆ ಗೋಣಿ ಸುತ್ಕಂಡ್ ಓಗು. ಮಣ್ ಯಾಕೆ, ಭಾರ."

"ಮಣ್ಣಿಲ್ದೆ ಅಷ್ಟು ದೂರ ಬದುಕ್ತದಾ?" ಎಂದೆ.

"ನಿನ್ ಇಷ್ಟ. ನೀನ್ ಒರೋದು."

ಸೀಮೆಎಣ್ಣೆ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣಿನ ಹೆಂಟೆ ಸಮೇತ ಗಿಡ ಕೂರಿಸಿದೆ. ಆ ಹೆಂಟೆಯಲ್ಲಿ ಹಳದಿ ಇರುವೆ ಇದ್ದದ್ದನ್ನು ಆಗಲೇ ನೋಡಿದ್ದೆ. ನಮ್ಮ ತೋಟದಲ್ಲಿ ಕಪ್ಪು ಗೊದ್ದ ಉಂಟು, ಕೆಂಜಿಗ ಉಂಟು. ಅವುಗಳ ನಡುವೆ ಈ ಉದ್ದ ಕಾಲಿನ ಹಳದಿ ಇರುವೆಯೂ ಅಷ್ಟಿಷ್ಟು ಉಂಟು. ಸಾಲು ಹಿಡಿದು ಹೋಗಲು ಬಾರದು, ದಾರಿ ತಪ್ಪಿದವರಂತೆ ಅತ್ತ ಇತ್ತ ಓಡುತ್ತದೆ. ಕಚ್ಚುವುದಿಲ್ಲ. ಕಚ್ಚದ ಇರುವೆಗೆ ಯಾರೂ ಹೆದರುವುದಿಲ್ಲ.

ಹಡಗು

ಅರಸೀಕೆರೆಗೆ ಒಂದು ರೈಲು, ಅಲ್ಲಿಂದ ಪೂನಾಕ್ಕೆ ಇನ್ನೊಂದು, ಬೊಂಬಾಯಿಗೆ ಮತ್ತೊಂದು. ರೈಲಿನಲ್ಲಿ ಕಂಡದ್ದನ್ನು ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ಬೊಂಬಾಯಿಯಲ್ಲಿ, ತಮ್ಮನನ್ನು ಕರೆದೊಯ್ದ ವ್ಯಾಪಾರಿಯ ನೆಂಟರಾದ ಒಬ್ಬ ಗುಜರಾತಿ ಅಜ್ಜಿಯ ಜೊತೆ ನನ್ನನ್ನು ಹಡಗು ಹತ್ತಿಸಿದರು. ಅವರಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಆದರೂ ಒಬ್ಬರ ಒಲೆಯನ್ನು ಒಬ್ಬರು ಮುಟ್ಟದೆ, ಒಬ್ಬರ ಮೇಲೊಬ್ಬರು ವಾಂತಿ ಮಾಡದೆ, ಐದಾರು ದಿನ ಚೆನ್ನಾಗಿಯೇ ಕಳೆದೆವು.

ಗಿಡವನ್ನು ಬಿಸಿಲಿಗಿಡಲು ದಿನವೂ ಮೇಲಕ್ಕೆ ಒಯ್ಯುತ್ತಿದ್ದೆ. ಎರಡನೇ ದಿನ ಹಳದಿ ಇರುವೆಗಳು ಮಣ್ಣಿನಿಂದ ಎದ್ದು ನನ್ನ ಹುರಿಹಿಟ್ಟಿನ ಗಂಟಿನ ಕಡೆ ಓಡಾಡತೊಡಗಿದವು. ಒಂದು ಚೂರು ಬೆಲ್ಲವನ್ನು ಡಬ್ಬದೊಳಗೆ ಇಟ್ಟೆ. ಎಲ್ಲವೂ ಮರಳಿ ಡಬ್ಬಕ್ಕೆ ಬಂದವು. ಅಜ್ಜಿ ಅದನ್ನು ನೋಡಿ ಬಹಳ ಮೆಚ್ಚಿಕೊಂಡು, ತಮ್ಮ ಗಂಟಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಉದುರಿಸಿ ಕೈ ಮುಗಿದರು. ಇರುವೆಗೆ ಉಣ್ಣಿಸುವುದು ಅವರಲ್ಲೂ ಪುಣ್ಯವೆಂದು ನನಗೆ ಸಂತೋಷವಾಯಿತು.

ಡೆಕ್ಕು ತೊಳೆಯುತ್ತಿದ್ದ ಒಬ್ಬ ಖಲಾಸಿ ಬಗ್ಗಿ ಡಬ್ಬದೊಳಗೆ ನೋಡಿದ. ಬೆರಳಿನಿಂದ ಮಣ್ಣು ಸರಿಸಿದ. ಒಳಗೆ ದಪ್ಪ ಹೊಟ್ಟೆಯ ನಾಲ್ಕೈದು ಇರುವೆಗಳು, ಸುತ್ತ ಬಿಳಿ ಮೊಟ್ಟೆ. ಅವನು ಸಮುದ್ರದ ಕಡೆ ಕೈ ತೋರಿಸಿ, ಎಸೆದುಬಿಡು ಎಂಬಂತೆ ಸನ್ನೆ ಮಾಡಿದ. ನಾನು ಇಲ್ಲವೆಂದು ತಲೆಯಾಡಿಸಿ ಮಣ್ಣು ಮುಚ್ಚಿದೆ.

ಆ ಗುಂಪಿನ ದೊಡ್ಡ ದ್ವೀಪದ ಬಂದರಿನಲ್ಲಿ ಚಡ್ಡಿ ತೊಟ್ಟ ಒಬ್ಬ ಅಧಿಕಾರಿ ಹಡಗಿಗೇ ಹತ್ತಿ ಬಂದ. ಗಿಡ, ಬೀಜ, ಮಣ್ಣು ಏನಾದರೂ ಇದೆಯೇ ಎಂದು ತಮಿಳು ಬಲ್ಲ ಒಬ್ಬನಿಂದ ಕೇಳಿಸಿದ. ಹಾಸನದ ಸಂತೆಗೆ ಬರುತ್ತಿದ್ದ ಬಳೆಗಾರರಿಂದ ನನಗೂ ನಾಲ್ಕು ತಮಿಳು ಮಾತು ಬರುತ್ತಿತ್ತು. ಇಲ್ಲ ಎಂದೆ. ಗಿಡ ಇದ್ದದ್ದು ಹಳೇ ಸೀರೆಯ ತುಂಡುಗಳ ಗಂಟಿನಲ್ಲಿ. ಅವನು ಅದಕ್ಕೆ ಕೈ ಹಾಕಲು ಬಂದಾಗ, "ಹೆರಿಗೆಗೆ" ಎಂದೆ. ಅವನು ಕೈ ಹಿಂದೆಗೆದುಕೊಂಡು ಪಕ್ಕದ ಪೆಟ್ಟಿಗೆಗೆ ಹೋದ.

ತಮ್ಮನ ಮನೆ

ದೊಡ್ಡ ದ್ವೀಪದಿಂದ ತಮ್ಮನ ದ್ವೀಪಕ್ಕೆ ಹಾಯಿ ದೋಣಿ. ತಮ್ಮ ದಡದಲ್ಲಿ ಮೊಣಕಾಲುದ್ದ ನೀರಿಗಿಳಿದು ಗಂಟುಗಳನ್ನು ಇಳಿಸಿಕೊಂಡ.

"ಏನಕ್ಕಯ್ಯ, ಊರ್ನೇ ಎತ್ಕಂಡ್ ಬಂದ್ಬುಟ್ಟಿದ್ದೀಯಲ್ಲ. ಇದ್ಯಾಕೆ ಇಂಗ್ ಭಾರ?"

"ನಿನ್ನೆಂಡ್ತಿ ಕರಿಬೇವು."

"ಆ ಸಾಯೇಬ ಬುಟ್ನಾ?"

"ಬಾಣಂತಿ ಸಾಮಾನು ಅಂದೆ."

ಅವನು ನೀರಲ್ಲಿ ನಿಂತೇ ನಕ್ಕ. "ಅಂಗಂದ್ರೆ ಸಾಕು ಕಣಕ್ಕ. ಯಾವ್ ದೇಸದ್ ಗಂಡ್ಸಾದ್ರೂ ಒಂದೇ."

ಅದೇ ದೋಣಿಯಿಂದ ಒಬ್ಬ ಎತ್ತರದ ಕಪ್ಪು ಹೆಂಗಸು ತನಗೆ ಬಂದ ಬಾಳೆ ಕಂದುಗಳ ಕಟ್ಟನ್ನು ತಲೆಯ ಮೇಲೆ ಹೊತ್ತುಕೊಂಡಳು. ದೊಡ್ಡ ದ್ವೀಪದಲ್ಲಿದ್ದ ಅವಳ ತಂಗಿ ಕಳಿಸಿದ್ದಂತೆ. ಅವಳೇ ಮಾರ್ಸೆಲ್. ತಮ್ಮನ ಮನೆಯ ಪಕ್ಕದ ಮನೆ. ಕೋಳಿ ಸಾಕುತ್ತಿದ್ದಳು, ದ್ವೀಪದ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ಜಯಳ ಮಗನೂ ಹಾಗೇ ಹುಟ್ಟಿದ. ಹೊಕ್ಕುಳು ಕತ್ತರಿಸಿ ಮಗುವನ್ನು ನನ್ನ ಕೈಗೆ ಕೊಡುವಾಗ ಅವಳು ಏನೋ ಹೇಳಿದಳು. ನಾನೂ ಏನೋ ಹೇಳಿದೆ. ಅಲ್ಲಿಂದ ಮುಂದೆ ನಮ್ಮ ಮಾತು ಹೀಗೇ ನಡೆಯಿತು. ನನ್ನನ್ನು ಗೌರಿ ಎನ್ನಲು ಬಾರದೆ ಗೋಹಿ ಎನ್ನುತ್ತಿದ್ದಳು. ಊಟ, ಬಾ, ಕೂತ್ಕೋ, ಈ ಮೂರನ್ನು ಕಲಿತಳು. ಬಾಣಂತಿಗೆ ನಾನು ಕೊಡುತ್ತಿದ್ದ ಮೆಣಸಿನ ಸಾರನ್ನು ಒಂದು ಗುಟುಕು ಕುಡಿದು, ಅಂಗಳಕ್ಕೆ ಓಡಿ ಕೆಮ್ಮಿ, ಮತ್ತೆ ಬಂದು ಲೋಟ ಚಾಚಿದಳು.

ಅಲ್ಲಿನ ಮನೆಗಳು ಕಲ್ಲಿನ ಗುಂಡುಗಳ ಮೇಲೆ ನಿಂತಿರುತ್ತವೆ. ಹಾವಿನ ಭಯವಿಲ್ಲ. ಹಲಸಿನಂತೆ ಕಂಡರೂ ತೊಳೆಯಿಲ್ಲದ ಒಂದು ಕಾಯಿಯನ್ನು ಬೇಯಿಸಿ ಅನ್ನದ ಹಾಗೆ ತಿನ್ನುತ್ತಾರೆ. ಕೊಬ್ಬರಿ ಮಾಡುವ ರೀತಿ ಕಂಡು ಜಯ ಮೊದಮೊದಲು ಅತ್ತಿದ್ದಳಂತೆ. ಚನ್ನರಾಯಪಟ್ಟಣದ ಕಡೆ ಕಾಯನ್ನು ಅಟ್ಟದ ಮೇಲೆ ವರ್ಷವಿಡೀ ಬಿಟ್ಟು, ಒಳಗೇ ಒಣಗಿ ಗಡಗಡ ಎನ್ನುವಾಗ ಒಡೆದರೆ ಉಂಡೆ ಕೊಬ್ಬರಿ. ಇವರು ಬಿದ್ದ ಕಾಯನ್ನು ಅಂದೇ ಒಡೆದು ಬೆಂಕಿಯ ಮೇಲೆ ಬಾಡಿಸುತ್ತಾರೆ.

"ಇದ್ಕೆ ಕೊಬ್ರಿ ಅಂತಾರಲ್ಲ ಅತ್ಗೆ, ನಮ್ಮಪ್ಪ ನೋಡಿದ್ರೆ ನಾಚ್ಕಂಡ್ಬುಡೋನು" ಎನ್ನುತ್ತಿದ್ದಳು.

ನನ್ನನ್ನು ಹೆದರಿಸಿದ್ದು ಏಡಿಗಳು. ಹೇಮಾವತಿ ನಾಲೆಯ ಏಡಿ ಮನುಷ್ಯನನ್ನು ಕಂಡರೆ ಬಿಲ ಸೇರುತ್ತದೆ. ಇಲ್ಲಿಯವು ಅಂಗೈಗಿಂತ ದೊಡ್ಡವು, ನೆಲದ ಮೇಲೇ ಬಾಳುವಂಥವು. ಸಂಜೆಯಾದರೆ ಅಂಗಳವೆಲ್ಲ ಅವುಗಳದೇ. ಉದುರಿದ ಎಲೆ, ಹಣ್ಣು, ಎಂಜಲು ಎಲ್ಲವನ್ನೂ ತಿಂದು ಗುಡಿಸಿದಂತೆ ಮಾಡಿಬಿಡುತ್ತಿದ್ದವು. ಮಾರ್ಸೆಲ್ ಪೊರಕೆಯ ತುದಿಯಿಂದ ಅವನ್ನು ಹಸುಗಳಂತೆ ಓಡಿಸುತ್ತಿದ್ದಳು.

ಕರಿಬೇವನ್ನು ಅಡಿಗೆಮನೆಯ ಹಿಂದೆ ನೆಟ್ಟೆ. ಜಯ ಮೊದಲ ಎಲೆಯನ್ನು ಮೂಸಿ ಮೂಸಿ ನೋಡಿ, ಸಾರಿಗೆ ಹಾಕಗೊಡದೆ ಸೆರಗಿನಲ್ಲಿ ಕಟ್ಟಿಕೊಂಡಳು. ಆ ಮುಖ ನೋಡಿ ನಾನು ತಂದದ್ದು ಸಾರ್ಥಕವೆಂದುಕೊಂಡೆ. ಇವತ್ತಿಗೂ ಆ ಒಂದು ಗಳಿಗೆಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಉಳಿದದ್ದು ತಪ್ಪು.

ದಿನವೂ ಬೆಳಿಗ್ಗೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕುತ್ತಿದ್ದೆ. ಹಳದಿ ಇರುವೆಗಳು ಬಂದು ಹಿಟ್ಟು ಒಯ್ಯುತ್ತಿದ್ದವು. ಅಷ್ಟು ದೂರದ ಊರಿನಲ್ಲಿ ಅವು ನನಗೆ ಗುರುತಿನವು. ಶನಿವಾರ ಗಿಡದ ಬುಡಕ್ಕೆ ಒಂದು ಹಿಡಿ ಸಕ್ಕರೆ ಬೆರೆತ ನುಚ್ಚು ಹಾಕುತ್ತಿದ್ದೆ. ಮಾರ್ಸೆಲ್ ನೋಡಿ ನಕ್ಕು ತಮ್ಮನಿಗೆ ಏನೋ ಹೇಳಿದಳು.

"ಅಕ್ಕ, ಇವ್ಳು ಏಳ್ತವ್ಳೆ, ನಾನ್ ಕೋಳಿ ಸಾಕ್ತೀನಿ, ನಿಮ್ಮಕ್ಕ ಇರ್ವೆ ಸಾಕ್ತವ್ಳೆ ಅಂತ."

ಮುಂದಿನ ವರ್ಷ

ಆರು ತಿಂಗಳೆಂದು ಹೋದವಳು ಒಂದು ವರ್ಷದ ಮೇಲೂ ಅಲ್ಲೇ ಇದ್ದೆ. ಒಮ್ಮೆ ಜಯಳಿಗೆ ಜ್ವರ, ಒಮ್ಮೆ ಹಡಗು ತಪ್ಪಿತು, ಒಮ್ಮೆ ಮಗು ಕೈ ಬಿಡಲಿಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ಅಂಗಳ ಬೇರೆಯಾಗಿತ್ತು.

ಮೊದಲು ಮಾರ್ಸೆಲ್ ಮನೆಯ ನಿಂಬೆ ಗಿಡದ ಎಲೆಗಳು ಅಂಟಂಟಾದವು, ಆಮೇಲೆ ಮಸಿ ಬಳಿದಂತೆ ಕಪ್ಪಾದವು. ಕೊಂಬೆಯ ಮೇಲೆ ಚಿಪ್ಪಿನಂಥ ಸಣ್ಣ ಹುಳ, ಅವುಗಳ ಸುತ್ತ ಹಳದಿ ಇರುವೆ. ಆಮೇಲೆ ಅವಳ ಕೋಳಿಮರಿಗಳು ಕಣ್ಣು ಮುಚ್ಚಿಕೊಂಡು ಗೋಡೆಗೆ ಡಿಕ್ಕಿ ಹೊಡೆಯತೊಡಗಿದವು. ಒಂದೊಂದೇ ಸತ್ತವು. ಕಾವಿಗೆ ಕೂತ ಕೋಳಿ ಮೊಟ್ಟೆ ಬಿಟ್ಟು ಎದ್ದು ಓಡುತ್ತಿತ್ತು. ಏಡಿಗಳು ಹಾಡುಹಗಲಿನಲ್ಲೇ ಅಂಗಳದ ನಡುವೆ ದಿಕ್ಕು ತೋಚದೆ ನಿಂತು ಬಾಯಲ್ಲಿ ನೊರೆ ತರುತ್ತಿದ್ದವು. ಮಾರನೆ ದಿನ ನೋಡಿದರೆ ಬರೀ ಚಿಪ್ಪು. ನಾನು ಅಷ್ಟು ಹೆದರುತ್ತಿದ್ದ ಪ್ರಾಣಿ ಇರುವೆಗೆ ಸೋತದ್ದನ್ನು ನಿಂತು ನೋಡಿದೆ. ಉದುರಿದ ಎಲೆಗಳು ಮೊದಲ ಬಾರಿಗೆ ಅಂಗಳದಲ್ಲಿ ಹಾಗೇ ಉಳಿದವು.

ತೊಟ್ಟಿಲ ಹಗ್ಗಕ್ಕೆ ಹರಳೆಣ್ಣೆ ಬಳಿದೆವು, ಮಂಚದ ಕಾಲುಗಳನ್ನು ನೀರಿನ ಡಬ್ಬಗಳಲ್ಲಿಟ್ಟೆವು. ಆದರೂ ಒಂದು ಮಧ್ಯಾಹ್ನ ಮಗುವಿನ ರೆಪ್ಪೆಯ ಮೇಲೆ ಇರುವೆ ಹತ್ತಿ ಕಣ್ಣು ಊದಿತು. ಮಾರ್ಸೆಲ್ ಓಡಿ ಬಂದು ಎಳನೀರಿನಿಂದ ತೊಳೆದಳು. ನಾಲ್ಕು ದಿನದಲ್ಲಿ ವಾಸಿಯಾಯಿತು.

ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಕರಿಬೇವಿನ ಬುಡ ಕೆದಕಿ ನೋಡಿದ್ದೆ. ನಾನು ಬಾಯಿ ತೆರೆಯಲಿಲ್ಲ.

ಅಧಿಕಾರಿ ಬಂದ ದಿನ

ತೋಟದ ಧಣಿ ದೂರು ಕೊಟ್ಟು, ದೊಡ್ಡ ದ್ವೀಪದಿಂದ ಬೇಸಾಯ ಇಲಾಖೆಯ ಒಬ್ಬ ಅಧಿಕಾರಿಯನ್ನು ಕರೆಸಿದ. ಅಂದು ಹಡಗಿಗೆ ಹತ್ತಿ ಬಂದಿದ್ದವನಲ್ಲ, ಬೇರೆಯವನು, ವಯಸ್ಸಾದವನು. ನೆಲದ ಮೇಲೆ ಮಂಡಿಯೂರಿ ಬಹಳ ಹೊತ್ತು ಇರುವೆಗಳನ್ನು ನೋಡಿದ. ಅವನು ಹೇಳಿದ್ದನ್ನು ತಮ್ಮ ನಮಗೆ ಕನ್ನಡದಲ್ಲಿ ಹೇಳಿದ.

"ಇದು ಕಚ್ಚಲ್ವಂತೆ. ಹಿಂದ್ಗಡೆಯಿಂದ ಹುಳಿ ಚಿಮ್ಸ್‌ತದಂತೆ. ಅದು ಕಣ್ಣಿಗೆ ಬಿದ್ರೆ ಏಡಿನೂ ಕುಲ್ಡು, ಕೋಳಿನೂ ಕುಲ್ಡು. ಒಂದೊಂದ್ ಗೂಡಲ್ಲೂ ತಾಯಿ ಇರ್ವೆ ಒಂದಲ್ಲ, ರಾಶಿ. ಆ ಚಿಪ್ ಹುಳಾವ ದನ ಕಾದಂಗೆ ಕಾಯ್ಕಂಡು ಅದ್ರ ಸಿಹಿ ನೀರು ಕುಡಿತವಂತೆ."

"ನಮ್ಮೂರಲ್ಲಿ ಇಂಗ್ ಆಗಲ್ವಲ್ಲ" ಎಂದುಬಿಟ್ಟಳು ಜಯ.

ತಮ್ಮ ಅವಳನ್ನು ಒಮ್ಮೆ ನೋಡಿದ. ಆ ಮಾತನ್ನು ಅಧಿಕಾರಿಗೆ ತಿಳಿಸಲಿಲ್ಲ. ಆದರೆ ಉತ್ತರ ಅಧಿಕಾರಿಯಿಂದಲೇ ಬಂತು. ಬೇರೆ ದೇಶಗಳಲ್ಲಿ ಒಂದು ಗೂಡಿನ ಇರುವೆ ಇನ್ನೊಂದನ್ನು ಕಂಡರೆ ಹೊಡೆದಾಡುತ್ತದೆ, ಬೇರೆ ಜಾತಿಯ ಇರುವೆಗಳು ತಮ್ಮ ಎಲ್ಲೆ ಬಿಟ್ಟುಕೊಡುವುದಿಲ್ಲ, ಅದರಿಂದ ಯಾವುದೂ ಮಿತಿ ಮೀರುವುದಿಲ್ಲ. ಇಲ್ಲಿ ಇದಕ್ಕೆ ಎದುರಾಳಿ ಇಲ್ಲ. ಎಲ್ಲವೂ ಒಂದೇ ಗೂಡಿನ ಸಂತಾನವಾದ್ದರಿಂದ ಒಂದು ಗೂಡು ಇನ್ನೊಂದರ ಜೊತೆ ಜಗಳ ಆಡುವುದೂ ಇಲ್ಲ. ಇಡೀ ದ್ವೀಪ ಒಂದೇ ಗೂಡಾದರೂ ಆಗಬಹುದು ಎಂದ. ನನಗೆ ನಮ್ಮ ತೋಟದ ಗೊದ್ದಗಳು ನೆನಪಾದವು. ಡಬ್ಬದಲ್ಲಿ ಅವನ್ನೂ ತಂದಿದ್ದರೆ ಎಂದೂ ಒಂದು ಕ್ಷಣ ಅನ್ನಿಸಿತು. ಅಷ್ಟೇ ನನ್ನ ಬುದ್ಧಿ.

ಕಡೆಗೆ ಅವನು ಕೇಳಿದ. ಹೋದ ವರ್ಷ ಹೊರಗಿನಿಂದ ಗಿಡ, ಮಣ್ಣು ತಂದವರು ಯಾರು?

ಆ ಬೆಳಿಗ್ಗೆಯೇ ನಾನು ಕರಿಬೇವನ್ನು ಬುಡಕ್ಕೆ ಕತ್ತರಿಸಿ ಒಲೆಗೆ ಹಾಕಿದ್ದೆ. ಬೊಡ್ಡೆಯ ಮೇಲೆ ಒಂದು ಬುಟ್ಟಿ ಕವುಚಿ, ಮಗುವಿನ ಬಟ್ಟೆ ಒಣಹಾಕಿದ್ದೆ. ನಾನು ಮಗುವನ್ನು ಎತ್ತಿಕೊಂಡು ಆ ಬುಟ್ಟಿಯ ಪಕ್ಕದಲ್ಲೇ ನಿಂತಿದ್ದೆ.

ತಮ್ಮ ಮಾರ್ಸೆಲ್‌ಳ ಬಾಳೆಯ ಕಡೆ ಕೈ ತೋರಿಸಿದ.

ಅವಳು ಇಲ್ಲವೆನ್ನಲಿಲ್ಲ. ಕಂದುಗಳು ಬಂದದ್ದು ನಿಜ, ಮಣ್ಣೂ ಇತ್ತು. ಅಧಿಕಾರಿ ಜೋರು ಮಾಡಲಿಲ್ಲ, ಬರೆದುಕೊಂಡ. ಜೋರು ಮಾಡಿದವನು ಧಣಿ. ಅವಳ ಬಾಳೆಯನ್ನು ಕಿತ್ತು ಸುಟ್ಟರು, ಕೋಳಿಗೂಡು ಸುಟ್ಟರು. ನಮ್ಮೂರಿಗೆ ಮಲೇರಿಯಾದವರು ತಂದು ಹೊಡೆಯುವಂಥ ಮದ್ದನ್ನು ಎರಡೂ ಅಂಗಳಕ್ಕೆ ಹೊಡೆದರು. ಇರುವೆಗಳು ಕೆಲವು ದಿನ ಕಾಣಲಿಲ್ಲ, ಆಮೇಲೆ ಗಾಣದ ಹಿಂದೆ ಕಂಡವು. ಮನೆ ಧಣಿಯದು. ಮುಂದಿನ ದೋಣಿಗೆ ಹೊರಡಬೇಕೆಂದು ಮಾರ್ಸೆಲ್‌ಗೆ ಹೇಳಿದರು.

ಹೊರಡುವ ದಿನ ಅವಳು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಉಳಿದಿದ್ದ ಒಂದೇ ಕೋಳಿ. ಅದನ್ನು ನನ್ನ ಕಾಲ ಬಳಿ ಬಿಟ್ಟು, ಮಗುವಿನ ರೆಪ್ಪೆಯನ್ನು ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ಮಾತಾಡಿದಳು. ತಮ್ಮ ನೆಲ ನೋಡುತ್ತ ಹೇಳಿದ.

"ನನ್ನಿಂದ ನಿಮ್ ಮಗೀಗೆ ಇಂಗಾಯ್ತು, ಮನ್ಸಿಗೆ ಅಚ್ಕಬ್ಯಾಡ ಅಂತವ್ಳೆ ಅಕ್ಕ. ನೀನು ಕ್ಷಮಿಸ್ದೆ ಅಂದ್ರೆ ಓಯ್ತೀನಿ ಅಂತವ್ಳೆ."

ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಿದರೆ ಧಣಿ ತಮ್ಮನನ್ನು ಹೊರಗೆ ಹಾಕುತ್ತಾನೆ, ಮಗುವಿನ ಸಮೇತ ಅವರು ಅದೇ ದೋಣಿ ಹತ್ತಬೇಕು ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ನಿಜವೇ. ಆದರೆ ಅದಕ್ಕೂ ಮೊದಲು, ಅವಳ ಮುಖ ಬದಲಾಗುವುದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ.

"ಪರವಾಗಿಲ್ಲ ಅನ್ನು" ಎಂದೆ ತಮ್ಮನಿಗೆ.

ಅವನು ಹೇಳಿದ. ಅವಳು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, "ಊಟ, ಗೋಹಿ" ಎಂದು, ನಕ್ಕು ಹೋದಳು.

ಹಿಂದಿರುಗುವಾಗ

ಎರಡು ತಿಂಗಳ ಮೇಲೆ ನಾನು ಹೊರಟೆ. ದೊಡ್ಡ ದ್ವೀಪದ ಬಂದರಿನಲ್ಲಿ ಹಡಗಿಗೆ ಕಾಯುವಾಗ ಒಂದು ತಮಿಳರ ಅಂಗಡಿಯ ಹಿತ್ತಲಿಗೆ ನೀರು ಕೇಳಲು ಹೋದೆ. ಅಲ್ಲಿ ಮಾಡಿನೆತ್ತರಕ್ಕೆ ಬೆಳೆದ ಕರಿಬೇವಿನ ಮರವಿತ್ತು. ಎಷ್ಟು ವರ್ಷದ್ದು ಎಂದು ಕೇಳಿದೆ. ತಾತನ ಕಾಲದ್ದು ಎಂದರು. ಒಂದು ಎಸಳು ಕಿತ್ತುಕೊಳ್ಳಿ ಎಂದರು. ಬೇಡವೆಂದೆ.

ಮತ್ತೆ ಹೊಳೆನರಸೀಪುರ

ಊರಿನಲ್ಲಿ ಬಚ್ಚಲ ಬದಿಯ ತೆಂಗಿನ ಬುಡಕ್ಕೆ ಹೋಗಿ ನೋಡಿದೆ. ಹಳದಿ ಇರುವೆಗಳು ಅಲ್ಲೇ ಇದ್ದವು, ಮೊದಲಿನಷ್ಟೇ. ಒಂದು ಮಾರು ಆಚೆ ಗೊದ್ದಗಳ ಸಾಲು. ಒಂದು ಹಳದಿ ಇರುವೆ ಅತ್ತ ಓಡಿದ್ದೇ ಎರಡು ಗೊದ್ದ ಹಿಡಿದು ಎಳೆದವು. ನಮ್ಮ ಯಜಮಾನರು ಬಂದು, "ಏನ್ ಅಂಗ್ ನೋಡ್ತಿದ್ದೀಯ, ಇರ್ವೆ ಕಾಣ್ದೋಳಂಗೆ?" ಎಂದರು.

ಕೆಲವು ವರ್ಷ ತಮ್ಮನ ಕಾಗದಗಳು ಬರುತ್ತಿದ್ದವು. ಇರುವೆ ದ್ವೀಪದ ಅರ್ಧಕ್ಕೆ ಬಂದಿದೆ, ಏಡಿ ಕಾಣಬೇಕಾದರೆ ಆಚೆ ತುದಿಗೆ ಹೋಗಬೇಕು, ಎಲೆ ಕೊಳೆಯದೆ ರಾಶಿ ಬಿದ್ದು ಹಿಂದೆ ಇಲ್ಲದ ಗಿಡಗಳು ಮೇಲೇಳುತ್ತಿವೆ, ಮರದಲ್ಲಿ ಗೂಡು ಕಟ್ಟುತ್ತಿದ್ದ ಬಿಳಿ ಹಕ್ಕಿಗಳು ಈ ಕಡೆ ಇಳಿಯುತ್ತಿಲ್ಲ. ಒಂದು ಕಾಗದದಲ್ಲಿ, ಇಲ್ಲಿಯವರು ಈಗ ಅದನ್ನು ಮಾರ್ಸೆಲ್ ಇರುವೆ ಅನ್ನುತ್ತಾರೆ ಎಂದು ಬರೆದಿದ್ದ.

ಆ ಕಾಗದ ಬಂದ ಮೇಲೆ ನಾನು ಎಲ್ಲವನ್ನೂ ಅವನಿಗೆ ಬರೆದೆ. ಡಬ್ಬ, ಬೆಲ್ಲ, ನುಚ್ಚು, ಬುಟ್ಟಿ. ಮೂರು ತಿಂಗಳಿಗೆ ಉತ್ತರ ಬಂತು. ಚಿಕ್ಕ ಕಾಗದ.

"ಅಕ್ಕಯ್ಯ, ಅವತ್ತು ದಡದಲ್ಲಿ ಡಬ್ಬ ಇಳಿಸಿಕೊಂಡವನು ನಾನು. ನನ್ನ ತೋಳಿನ ಮೇಲೆ ಹತ್ತಿದವು. ಆ ಬಚ್ಚಲ ಬದಿಯಲ್ಲಿ ನಾನೂ ಆಡಿ ಬೆಳೆದವನು, ನಮ್ಮೂರ ಇರುವೆ ಗುರುತಿಲ್ಲವೆ? ಗೊತ್ತಿದ್ದೇ ಬಾಳೆಯ ಕಡೆ ಕೈ ತೋರಿಸಿದೆ. ಬುಟ್ಟಿಯನ್ನೂ ನೋಡಿದ್ದೆ. ಇಂಜಿನ್ ಸಾಮಾನು ತರಲು ದೊಡ್ಡ ದ್ವೀಪಕ್ಕೆ ಹೋದಾಗ ಮಾರ್ಸೆಲ್ ಸಿಗುತ್ತಾಳೆ. ನಿನ್ನನ್ನು ಕೇಳುತ್ತಾಳೆ. ಹೇಳಲು ನನಗೆ ಆಗಿಲ್ಲ. ನೀನು ಬರೆದು ಕಳಿಸಿದರೆ ಅವಳ ಭಾಷೆಯಲ್ಲಿ ಓದಿ ಹೇಳುತ್ತೇನೆ. ನನ್ನ ಹೆಸರನ್ನೂ ಸೇರಿಸು."

ಅದಕ್ಕೇ ಇದನ್ನು ಬರೆದದ್ದು. ಅವನು ಬಾಯಿಂದ ಬಾಯಿಗೆ ದಾಟಿಸಲು ಸುಲಭವಾಗಲಿ ಎಂದು ಸಣ್ಣ ಮಾತುಗಳಲ್ಲೇ ಬರೆದಿದ್ದೇನೆ. ನಮ್ಮ ಕಡೆಯವರು ಓದಿದರೆ ಓದಲಿ. ಪರವೂರಿಗೆ ಹೋಗುವವರು ಬೇರನ್ನು ತೊಳೆದುಕೊಂಡು ಹೋಗಲಿ.

ಮಾರ್ಸೆಲ್, ಆ ಇರುವೆ ನಿನ್ನದಲ್ಲ. ಗೋಹಿಯದು, ನಂಜುಂಡನದು. ಅವತ್ತು ನಾನು ಪರವಾಗಿಲ್ಲ ಎಂದೆ. ಆ ಮಾತು ನೀನು ಹೇಳಬೇಕಾದದ್ದು. ಹೇಳದಿದ್ದರೂ ಸರಿ.